ಒಂದೇ ಹೆಸರಿನಡಿ ನಿಂತ ಉಸಿರುಗಿರಣಿ

ತೇಲುಕೇರಿ,
ಕ್ರಿ.ಶ. ೨೪೧೭, ನಮ್ಮ ಕೇರಿಯ ಪಂಚಾಂಗದ ಹದಿನಾಲ್ಕನೆಯ ತಿಂಗಳ ಮೂವತ್ತಾರು

ಯಂತ್ರಗಳಿಗೆ ಬುದ್ಧಿ ಬರೆಯುವ ಹಳೆಗಾಲದ ಹಿರಿಯರಿಗೆ ಬಸಲಿಂಗಪ್ಪನ ಶರಣು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಓದಿದ್ದು ಏಳನೆಯ ಇಯತ್ತೆ. ಆದರೂ ಮೋಡದ ಮೇಲಿನ ಈ ಕೇರಿಯಲ್ಲಿ ನನ್ನಷ್ಟು ಚುರುಕಿನ ಯಜಮಾನ ಇನ್ನೊಬ್ಬನಿಲ್ಲ.

ನಮ್ಮಲ್ಲಿ ಎಲ್ಲ ಮನೆಗಳ ಕೆಲಸವೂ ಒಂದೇ ದೊಡ್ಡ ಯಂತ್ರದಲ್ಲಿ ಓಡುತ್ತದೆ. ಅದರ ಬಾಗಿಲಲ್ಲಿ ಕೂತವನು ಸರದಿಗಾರ. ಯಾರ ಕೆಲಸ ಯಾವಾಗ ಎಂದು ಹಂಚುವವನು. ಹೆಸರು ಬರೆಸಿದವರಿಗಷ್ಟೇ ಸರದಿ. ಒಂದೊಂದು ಕೆಲಸಕ್ಕೆ ಎಳೆ ಎನ್ನುತ್ತೇವೆ; ನೆರೆಯವರು ಪ್ರತಿ ಎಳೆಗೂ ಬೇರೆ ಬೇರೆ ಹೆಸರು ಬರೆಸಿದ್ದಾರೆ. ನಾವೋ, ಒಲೆ ಬೇರೆಯಾಗದ ಮನೆತನ. ಅಡುಗೆ, ನೀರು, ಬೀಜ, ಗಾಳಿ ಸೋಸುವ ಉಸಿರುಗಿರಣಿ, ಎಲ್ಲ ಎಳೆಗಳೂ ನನ್ನೊಬ್ಬನ ಹೆಸರಿನಡಿ. ಬಂದ ಸರದಿಯನ್ನು ಒಳಗೊಳಗೇ ನಾನು ಹಂಚುತ್ತೇನೆ. ಸರದಿಗಾರನನ್ನು ಕೇಳುವ ಗೋಜಿಲ್ಲ; ಎಳೆಯಿಂದ ಎಳೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರುತ್ತೇವೆ. ನೆರೆಯವರು ಪ್ರತಿ ಬದಲಿಗೂ ಅವನ ಬಾಗಿಲು ತಟ್ಟುವುದನ್ನು ನೋಡಿ ಮೀಸೆ ತಿರುವುತ್ತಿದ್ದೆ.

ಇಂದು ಮುಂಜಾನೆ ಬೀಜದ ಎಳೆ ಮೊದಲ ಸಲ ಭೂಮಿಯ ಉಗ್ರಾಣವನ್ನು ಏನೋ ಕೇಳಿ, ಉತ್ತರಕ್ಕೆ ಕಾದು ಕೂತಿತು. ಸರದಿಗಾರನಿಗೆ ನಮ್ಮ ಎಳೆಗಳು ಕಾಣುವುದಿಲ್ಲ, ಹೆಸರಷ್ಟೇ ಕಾಣುತ್ತದೆ. ಬಸಲಿಂಗಪ್ಪ ಕಾಯುತ್ತಿದ್ದಾನೆ ಎಂದುಕೊಂಡು ಅವನು ಇಡೀ ಮನೆಯ ಸರದಿಯನ್ನೇ ನೆರೆಯವರಿಗೆ ದಾಟಿಸಿಬಿಟ್ಟ. ಗಿರಣಿ ನಿಂತಿತು. ಬಾಣಂತಿಕೋಣೆಯಲ್ಲಿ ನನ್ನ ತಂಗಿಯ ಮಗಳು ಶಾವಂತ್ರವ್ವನ ಕೂಸಿನ ತುಟಿ ನೀಲಿಯಾಗತೊಡಗಿತು.

ಅವಳು ಕೂಸನ್ನೆತ್ತಿಕೊಂಡು ಓಡಿಬಂದಳು. “ಮಾವಾ, ಗಿರಣಿಗೆ ಬ್ಯಾರೆ ಹೆಸರು ಬರಸು!”

“ಹೆಸರು ಬ್ಯಾರೆ ಮಾಡಿದ್ರ ಒಲಿ ಬ್ಯಾರೆ ಮಾಡಿದಂಗವ್ವಾ. ತಡಿ, ಈಗ ಉತ್ತರ ಬರ್ತದ,” ಎಂದೆ.

“ಅಲ್ಲೀತನಕ ಕೂಸು ನಿನ್ನ ದೊಡ್ಡಸ್ತನಾ ಉಸಿರಾಡಬೇಕೇನು?”

ಮೀಸೆ ಮರೆತು ಸರದಿಗಾರನ ಬಾಗಿಲಿಗೆ ಓಡಿದೆ. ಗಿರಣಿಯನ್ನು ಅವಳ ಹೆಸರಿನಲ್ಲಿ ಬರೆಸಿ ಹೊಸದಾಗಿ ಹೊರಡಿಸಿದೆ. ಸರದಿಗಾರ ಅದನ್ನು ಕಂಡ, ಕರೆದ. ಗಾಳಿ ಬಂತು. ಕೂಸು ಕೇರಿಗೆಲ್ಲ ಕೇಳುವಂತೆ ಅತ್ತಿತು; ಗಂಟಲು ನಮ್ಮ ವಂಶದ್ದೇ.

ಆದರೆ ಬೀಜದ ಎಳೆ ಇನ್ನೂ ಕಾಯುತ್ತಿದೆ, ಅಡುಗೆ ಮತ್ತು ನೀರು ಅದರ ಹಿಂದೆ ನಿಂತೇ ಇವೆ. ಎಲ್ಲಕ್ಕೂ ಹೆಸರು ಕೊಟ್ಟರೆ ಸರದಿಗಾರನಿಗೆ ಭಾರ, ನಮ್ಮ ಓಟವೂ ನಿಧಾನ. ಕೊಡದಿದ್ದರೆ ಜೀವಕ್ಕೆ ಕುತ್ತು. ಕೂತಲ್ಲಿ ಕೂರಲಾಗದೆ ಅಡ್ಡಾಡುತ್ತ ಬರೆಯುತ್ತಿದ್ದೇನೆ. ನೀವಾದರೂ ಯಂತ್ರ ಕಟ್ಟುವಾಗಲೇ ಯೋಚಿಸಿ: ಯಾವುದು ನಿಂತರೆ ಮನೆಯ ಉಸಿರು ನಿಲ್ಲುವುದೋ, ಅದು ಸರದಿಗಾರನ ಕಣ್ಣಿಗೆ ಬೇರೆಯಾಗಿ ಕಾಣಲಿ. ಯಜಮಾನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಶಾವಂತ್ರವ್ವ ನೀರಿಗೂ ಹೆಸರು ಬರೆಸೆಂದು ಕೂಗುತ್ತಿದ್ದಾಳೆ. ಹೊರಟೆ. ಈ ಸಲ ಒಂದೇ ಕೂಗಿಗೆ ಓಡಿದೆನೆಂದು ನಿಮ್ಮವರಿಗೆಲ್ಲ ಹೇಳಿ.