ಅವರಿಗೆ ಸಿಕ್ಕ ನಗು

19 ಏಪ್ರಿಲ್ 2025, ಶನಿವಾರ

ಇದನ್ನು ಬರೆಯದೇ ಬಿಡೋಣವೆಂದಿದ್ದೆ: ಇವತ್ತು ನನಗೆ ಬಂದದ್ದು ಕೋಪವಲ್ಲ, ಹೊಟ್ಟೆಕಿಚ್ಚು.

ಶ್ರೀರಾಂಪುರದ ನಮ್ಮ ರಸ್ತೆಯ ಮರಗಳನ್ನು ಕಡಿಯುವ ಬಗ್ಗೆ ಸಭೆಯಿತ್ತು. ಅಲ್ಲಿ ನಾನು ಭೂಮಿ ಬಿಸಿಯಾಗುತ್ತಿರುವುದರ ಅಂಕಿಅಂಶಗಳನ್ನು ಓದಿ ಹೇಳಿದೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಪಾಠ ಮಾಡುವ ನನ್ನ ಕನ್ನಡ ನನಗೇ ಒಣಕಲೆನಿಸಿತು. ಆಮೇಲೆ ವಾರ್ಡಿನ ಮುಖಂಡ ಶಿವರಾಮು ಎದ್ದರು.

"ಮೇಡಂ, ಭೂಮಿ ಬಿಸಿ ಆಯ್ತದೆ ಅನ್ನೋದೆಲ್ಲ ಫಾರಿನ್‌ನೋರ ಕತೆ ಕಣ್ರೀ. ಬಿಸ್ಲು ಜಾಸ್ತಿ ಆದ್ರೆ ಹಪ್ಪಳ ಬೇಗ ಒಣಗ್ತವೆ, ಬುಡಿ!"

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಮ್ಮ ಅತ್ತೆಯೂ.

ದಾರಿಯಲ್ಲಿ ಅತ್ತೆ, "ನೀನು ಹೇಳಿದ್ದೇ ನಿಜ ಇರ್ಬೋದು ಕಣಮ್ಮ, ಆದ್ರೆ ನಿದ್ದೆ ಬಂದ್ಬುಡ್ತು" ಅಂದರು.

ಶಿವರಾಮು ಅವರ ಸುಳ್ಳು ನನಗೆ ಬೇಡ. ಆ ನಗು ಬೇಕಿತ್ತು. ದೊಡ್ಡ ದೊಡ್ಡ ದೇಶಗಳ ನಾಯಕರೂ ವಿಜ್ಞಾನವನ್ನು ಹೀಗೇ ನಗೆಪಾಟಲು ಮಾಡಿ ಗೆಲ್ಲುತ್ತಿದ್ದಾರೆ. ಆದರೂ ನನ್ನ ಮನಸ್ಸು ಭೂಮಿಯನ್ನು ಬಿಟ್ಟು ಆ ಚಪ್ಪಾಳೆಯ ಸುತ್ತಲೇ ತಿರುಗುತ್ತಿದೆ. ನಾಚಿಕೆಯಾಗುತ್ತದೆ.

ಅರಣ್ಯ ಇಲಾಖೆಗೆ ಆಕ್ಷೇಪಣೆ ಬರೆಯಲು ಕೂತೆ. ನಗಿಸುವ ಒಂದು ಸಾಲೂ ಹೊಳೆಯಲಿಲ್ಲ. ಮರ ಹೋದರೆ ನಿಮಗೇನು ಕಷ್ಟ ಎಂದು ಅತ್ತೆಯನ್ನೇ ಕೇಳಿದೆ.

"ಸೊಪ್ಪಿನವಳು ಬುಟ್ಟಿ ಎಲ್ಲಿ ಇಳಿಸ್ತಾಳೆ? ಬಿಸ್ಲಲ್ಲೇನು?"

ಅದನ್ನೇ ಮೊದಲ ಸಾಲು ಮಾಡಿದೆ. ಅದೂ ನನ್ನದಲ್ಲವಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಇರಲಿ. ಅಂಚೆಗೆ ಹಾಕುವುದು 21, ಸೋಮವಾರ.