ವೈರ್ ಸುಟ್ಟಿದ್ದು ನನ್ನಿಂದಲ್ಲ

ಚನ್ನಗಿರಿ
ಶನಿವಾರ, 22-2-2025

ಪ್ರೀತಿಯ ಯಜಮಾನರಿಗೆ ನುಜಹತ್ ಮಾಡುವ ಸಲಾಂ.

ನಾವು ಇಲ್ಲಿ ಚೆನ್ನಾಗಿದ್ದೇವೆ. ಬೋರ್‌ವೆಲ್ ಲಾರಿಯ ಧೂಳಿಗೆ ಹಿಡಿದಿದ್ದ ಕೆಮ್ಮು ಈಗ ಹೇಗಿದೆ? ಒಡಿಶಾದ ನೀರು ನಿಮಗೆ ಒಗ್ಗುವುದಿಲ್ಲ, ಕಾಯಿಸಿಕೊಂಡೇ ಕುಡಿಯಿರಿ. ನಿಮ್ಮ ಅಮ್ಮಿಯ ಮಂಡಿ ನೋವು ಕಡಿಮೆಯಾಗಿದೆ, ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಭುಜ ಹಿಡಿಯುತ್ತಾರೆ. ನಿಮ್ಮ ಲಾರಿಯ ಗೋಣೆಪ್ಪನವರು ರಜೆ ಮುಗಿಸಿ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಫೋನ್ ಇರುವಾಗ ಕಾಗದ ಏಕೆ ಎನ್ನಬೇಡಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು "ಆಯ್ತು ಬಿಡು" ಎಂದು ಇಟ್ಟುಬಿಡುತ್ತೀರಿ. ಉರ್ದು ಬರೆಯಲು ನನಗೆ ಬಾರದು, ಓದಲು ನಿಮಗೆ ಬಾರದು. ಇಬ್ಬರೂ ಕಲಿತದ್ದು ಇದೇ ಊರಿನ ಕನ್ನಡ ಶಾಲೆಯಲ್ಲಿ. ಹಾಗಾಗಿ ಅರ್ಥವಾಗಲಿಲ್ಲ ಎನ್ನುವಂತೆಯೂ ಇಲ್ಲ.

ಮದುವೆ ವಿಡಿಯೋ ಎಡಿಟಿಂಗ್‌ಗೆಂದು ನೀವು ತಂದುಕೊಟ್ಟ ಆ ಚಿಕ್ಕ ಕಂಪ್ಯೂಟರ್ ಇದೆಯಲ್ಲ, ಊಟದ ಡಬ್ಬಿಯಷ್ಟೇ ಇರುವುದು, ಅದರೊಳಗೆ ವಿಡಿಯೋ ಬೇಗ ತಯಾರಿಸುವ ಗ್ರಾಫಿಕ್ಸ್ ಕಾರ್ಡ್ ಹಿಡಿಸುವುದಿಲ್ಲ. ಅದಕ್ಕೇ ಕಾರ್ಡನ್ನು ಹೊರಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೇಬಲ್ಲಿನಿಂದ ಜೋಡಿಸಿದ್ದು. ಕಂಪ್ಯೂಟರಿನ ಅಡಾಪ್ಟರ್ ಅದರ ಹೊಟ್ಟೆಗಷ್ಟೇ ಸಾಕು. ಕಾರ್ಡಿಗೆ ಬೇರೆಯೇ ಪವರ್ ಸಪ್ಲೈ ಡಬ್ಬಿ ಬೇಕು, ಅದರಿಂದ ದಪ್ಪ ವೈರ್ ನೇರವಾಗಿ ಕಾರ್ಡಿಗೆ ಬರಬೇಕು. ಹೊನ್ನಾಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಿಮ್ಮ ಸ್ನೇಹಿತ ಜಯಪ್ಪನವರು ಕೊಟ್ಟ ಡಬ್ಬಿಯಲ್ಲಿ ಆ ವೈರೇ ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಹಾಕುವ ಸಣ್ಣ ವೈರಿಗೆ ಒಂದು ಜೋಡಣೆ ಪ್ಲಗ್ ಸಿಕ್ಕಿಸಿ ಕೊಟ್ಟರು. ನಾನು ಅಂದೇ ಕೇಳಿದೆ, ಇಷ್ಟು ಸಣ್ಣ ವೈರ್ ತಡೆಯುತ್ತದೆಯೇ ಎಂದು. "ಕರೆಂಟ್ ಎಲ್ಲಾ ಒಂದೇ ಐತೆ ತಂಗಿ, ನೀವು ತಲೆ ಕೆಡಿಸ್ಕೋಬ್ಯಾಡಿ" ಎಂದರು. ಆಗ ನೀವೂ ಪಕ್ಕದಲ್ಲೇ ನಿಂತು ನಕ್ಕಿರಿ. ನೆನಪಿಲ್ಲ ಎನ್ನಬೇಡಿ.

ನೀವು ಹೋಗಿ ಒಂಬತ್ತನೇ ದಿನ ಮಧ್ಯಾಹ್ನ ನ್ಯಾಮತಿಯ ನಾಗರತ್ನ ಅವರ ಮಗಳ ಮದುವೆ ವಿಡಿಯೋ ತಯಾರಾಗುತ್ತಿತ್ತು. ಕಾರ್ಡ್ ಪೂರ್ತಿ ದುಡಿಯುವ ಹೊತ್ತು ಅದು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡಿದರೆ ಆ ಜೋಡಣೆ ಪ್ಲಗ್ ಕರಗಿ ಕಪ್ಪಾಗಿತ್ತು. ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಫೋಟೋ ತೆಗೆದು ಜಯಪ್ಪನವರಿಗೆ ಕಳಿಸಿದೆ. ಅವರು ನನಗೆ ಉತ್ತರ ಕೊಡಲಿಲ್ಲ, ನಿಮಗೆ ಫೋನ್ ಮಾಡಿದರು. ಮೊದಲು ಡಬ್ಬಿಯ ಸ್ವಿಚ್, ಆಮೇಲೆ ಕಂಪ್ಯೂಟರ್ ಎಂದು ಹೇಳಿಕೊಟ್ಟಿದ್ದರೂ ನಾನು ಹಿಂದುಮುಂದು ಮಾಡಿದೆನಂತೆ, ಅದಕ್ಕೇ ಕಾರ್ಡ್ ಸತ್ತಿದೆಯಂತೆ, ಹೊಸದೇ ಬೇಕಂತೆ. ಕಾರ್ಡನ್ನು ಅವರು ಕಣ್ಣಿಂದಲೂ ನೋಡಿರಲಿಲ್ಲ. ನೀವು ನನ್ನನ್ನು ಒಂದು ಮಾತೂ ಕೇಳದೆ "ನೀನೇ ಏನೋ ಮಾಡಿರ್ತೀಯ" ಎಂದಿರಿ. ಸ್ವಿಚ್ ಹಿಂದುಮುಂದಾದರೆ ಕಂಪ್ಯೂಟರಿಗೆ ಕಾರ್ಡ್ ಕಾಣಿಸುವುದಿಲ್ಲ ಅಷ್ಟೇ, ಮತ್ತೆ ಆರಿಸಿ ಹಾಕಿದರಾಯಿತು. ವೈರ್ ಕರಗುವುದಿಲ್ಲ. ಇಷ್ಟು ನನಗೆ ಗೊತ್ತಿದೆ ಎಂದು ನಿಮಗೇಕೆ ಅನ್ನಿಸಲಿಲ್ಲ? ಮೂರು ವರ್ಷದಿಂದ ಜಗಳೂರಿನ ಸ್ಟುಡಿಯೋದವರೂ ನನಗೇ ಕೆಲಸ ಕಳಿಸುತ್ತಾರೆ, ನಿಮ್ಮ ಮುಖ ನೋಡಿ ಅಲ್ಲ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬೇಡ ಎಂದರೂ ಅಮ್ಮಿ ಚಪ್ಪಲಿ ಮೆಟ್ಟಿ ಬಂದರು. ಹೊನ್ನಾಳಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾರ್ಡನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದರು. ಅಂಗಡಿಯಲ್ಲಿ ಐದಾರು ಜನ ಗಿರಾಕಿಗಳಿದ್ದರು. ಸುಟ್ಟ ಪ್ಲಗ್ಗನ್ನು ಮೇಜಿನ ಮೇಲಿಟ್ಟು ಹೇಳಿದೆ, ನಿಮ್ಮ ಅಂಗಡಿಯದೇ ಬೇರೆ ಡಬ್ಬಿ ತೆಗೆಯಿರಿ, ಕಾರ್ಡಿಗೆಂದೇ ದಪ್ಪ ವೈರ್ ಇರುವುದು, ಇಲ್ಲೇ ಜೋಡಿಸಿ ನೋಡೋಣ. "ಸತ್ತ ಕಾರ್ಡಿಗೆ ಹಾಕಿದ್ರೆ ನನ್ ಡಬ್ಬಿನೂ ಹೋಗ್ತದೆ, ಆಗಾಕಿಲ್ಲ" ಎಂದರು. ಆಗ ಅಮ್ಮಿ ಸ್ಟೂಲ್ ಎಳೆದುಕೊಂಡು ಕೂತರು. "ಜಯಪ್ಪಾ, ಮೋಟರಿಗೆ ಬಲ್ಬಿನ ವೈರ್ ಎಳೆದ್ರೆ ಸುಡೋದು ಯಾರ ತಪ್ಪು? ನೀನು ಹಾಕಿ ತೋರ್ಸೋ ತನ್ಕ ನಾವು ಹೋಗಾಕಿಲ್ಲ." ಗಿರಾಕಿಗಳಲ್ಲಿ ಒಬ್ಬರು "ಹಾಕಿ ನೋಡ್ರಿ, ಏನಾಗ್ತೈತೆ" ಎಂದರು.

ಹಾಕಲೇಬೇಕಾಯಿತು. ಡಬ್ಬಿಯ ಸ್ವಿಚ್ ಒತ್ತಿದೆ, ಆಮೇಲೆ ಕಂಪ್ಯೂಟರ್. ಕಾರ್ಡಿನ ಎರಡೂ ಫ್ಯಾನ್ ತಿರುಗಿದವು, ಪರದೆಯ ಮೇಲೆ ನ್ಯಾಮತಿಯ ಮದುಮಗಳು ಬಂದಳು. ಕಾರ್ಡಿಗೆ ಏನೂ ಆಗಿರಲಿಲ್ಲ. ಹಳೆಯ ಡಬ್ಬಿಯನ್ನು ಅಲ್ಲೇ ಬಿಟ್ಟು ಆ ದಪ್ಪ ವೈರಿನ ಡಬ್ಬಿಯನ್ನೇ ಎತ್ತಿಕೊಂಡು ಬಂದೆವು, ಅವರೂ ತಡೆಯಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ವಿಡಿಯೋ ಹೇಳಿದ ದಿನವೇ ನ್ಯಾಮತಿ ಸೇರಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಮ್ಮಿ ಮಾಡಿದ ಶುಂಠಿ ಲೇಹ್ಯ ಚೀಲದಲ್ಲಿದೆ, ದಿನಕ್ಕೆರಡು ಚಮಚ ತಪ್ಪಿಸಬೇಡಿ. ನಿಮ್ಮ ಜೊತೆಯವರಿಗೆಲ್ಲ ನಮ್ಮ ಸಲಾಂ. ಅಲ್ಲಾಹ್ ನಿಮ್ಮನ್ನು ಕಾಪಾಡಲಿ. ಕೋಪವಿದ್ದರೂ ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿಮ್ಮ
ನುಜಹತ್

ಮರೆತ ಮಾತು: ಗೋಣೆಪ್ಪನವರು ಬಾಗಿಲಲ್ಲಿ ನಿಂತಿದ್ದಾರೆ. ಮರೆತದ್ದೇನಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಫ್ಯಾನ್ ತಿರುಗಿದ ಮೇಲೆ ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಜಯಪ್ಪನವರು ಮೊಬೈಲ್ ತೆಗೆದು ನೀವು ಕಳಿಸಿದ್ದ ಮೆಸೇಜನ್ನು ಗಟ್ಟಿಯಾಗಿ ಓದಿದರು. "ನಮ್ಮನೆ ಹೆಂಗಸ್ರಿಗೆ ಇದೆಲ್ಲ ತಿಳಿಯಾಕಿಲ್ಲ ಜಯಪ್ಪಣ್ಣ, ತಪ್ಪು ನಮ್ದೇ, ಬೇಜಾರ್ ಮಾಡ್ಕೋಬ್ಯಾಡಿ." ನಾನು ತಲೆ ತಗ್ಗಿಸಿ ವೈರ್ ಸುತ್ತುತ್ತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮಿ ಕಿಟಕಿಯ ಕಡೆ ನೋಡುತ್ತಾ, "ನಮ್ಮನೆ ಹೆಂಗಸ್ರು ಅಂದ್ರೆ ಅದ್ರಾಗೆ ನಾನೂ ಬಂದೆ ಅಲ್ವಾ" ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಬೇಕಾದವರು ನೀವು.