ಮೇಲಿನ ಡೋಸ್

ಮಾರ್ಚ್ 3, ಬೆಳಿಗ್ಗೆ 9.40
ಮೂರನೇ ಹಂತದ ಡೋಸ್ ತೆಗೆದುಕೊಂಡ ಮೂವರ ರಿಪೋರ್ಟ್ ಇನ್ನೂ ಬಂದಿಲ್ಲ. ಹೊಸ ಕ್ಯಾನ್ಸರ್ ಔಷಧಿ, ಮನುಷ್ಯರಿಗೆ ಕೊಡುತ್ತಿರುವುದು ಇದೇ ಮೊದಲು. ಮೂವರಲ್ಲಿ ಯಾರಿಗೂ ದೊಡ್ಡ ತೊಂದರೆ ಆಗದಿದ್ದರೆ ಡೋಸ್ ಏರಿಸುವುದು. ಒಬ್ಬರಿಗಾದರೆ ಅಲ್ಲೇ ನಿಂತು, ಅದೇ ಡೋಸಿನಲ್ಲಿ ಇನ್ನೂ ಮೂವರನ್ನು ನೋಡುವುದು. ಎಷ್ಟು ಏರಿಸಬೇಕು, ಎಲ್ಲಿ ನಿಲ್ಲಿಸಬೇಕು — ಆ ಲೆಕ್ಕವೆಲ್ಲ ನನ್ನದು. ಎರಡು ವರ್ಷದ ಕೆಲಸ. ಮೇಲಿನ ಹೆಸರು ಮಾತ್ರ ದೊಡ್ಡ ಡಾಕ್ಟರದು. ಕೇಳಿದ್ದಕ್ಕೆ, “ಲೆಕ್ಕ ಹಾಕಿಕೊಟ್ಟೋರ ಹೆಸರೆಲ್ಲ ಹಾಕೋಕಾಗುತ್ತೇನಮ್ಮಾ?” ಎಂದಿದ್ದರು, ತುಂಬಿದ ಮೀಟಿಂಗಿನಲ್ಲಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇನ್ನೂ ಗಂಟಲಿಳಿದಿಲ್ಲ.

ಮಾರ್ಚ್ 5, 11.15
ಸಿಕ್ಕಿಬಿದ್ದ, ದೊಡ್ಡ ಡಾಕ್ಟರ್.
ಎರಡನೇ ಪೇಶೆಂಟಿಗೆ ಲಿವರ್ ಕೆಟ್ಟಿದೆ. ‘ಔಷಧಿಯಿಂದಲ್ಲ, ಕಾಯಿಲೆಯಿಂದ’ ಎಂದು ಬರೆದು ಸಹಿ ಹಾಕಿದ್ದಾನೆ. ಅಲ್ಲಿಗೆ ತೊಂದರೆಯಾದವರ ಲೆಕ್ಕ ಸೊನ್ನೆ. ಡೋಸ್ ಏರಿಸಬಹುದು! ಆದರೆ ನರ್ಸಕ್ಕ ತೋರಿಸಿದ ಹಳೆಯ ರಿಪೋರ್ಟಿನಲ್ಲಿ, ಔಷಧಿ ಶುರುವಾಗುವ ಹಿಂದಿನ ದಿನ ಲಿವರ್ ಚೆನ್ನಾಗಿಯೇ ಇತ್ತು. ಎರಡನ್ನೂ ಜೆರಾಕ್ಸ್ ಮಾಡಿಕೊಂಡೆ.
ಹದಿನಾಲ್ಕಕ್ಕೆ ಸುರಕ್ಷತಾ ಸಮಿತಿಯ ಮೀಟಿಂಗ್. ಹೊರಗಿನವರೆಲ್ಲ ಬರುತ್ತಾರೆ. ಬರಲಿ.

ಅದೇ ದಿನ, ಸಂಜೆ
ನನ್ನ ಸ್ವಂತ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಇವತ್ತೇ ಹೇಳಿಬಿಡು, ಕಾಯಬೇಡ ಎಂದಳು. ಇವತ್ತು ಹೇಳಿದರೆ ಕಣ್ತಪ್ಪು ಎಂದು ತಿದ್ದಿ, ನನಗೇ ಥ್ಯಾಂಕ್ಸ್ ಹೇಳುತ್ತಾನೆ. ಅವನ ಥ್ಯಾಂಕ್ಸ್ ಯಾರಿಗೆ ಬೇಕು? ಎಲ್ಲರೆದುರು ಅವನ ಮುಖ ಇಳಿಯುವುದನ್ನು ನೋಡಬೇಕು ನನಗೆ.

ಮಾರ್ಚ್ 9
ಮೇಲಿನ ಡೋಸಿಗೆ ಮೊದಲನೆಯವರು ಬಂದರು. ಟೈಲರ್. ಲಿಫ್ಟಿನ ಹತ್ತಿರ ನನ್ನ ಅಂಗಿಯ ತೋಳು ನೋಡಿ, “ಯಾರಮ್ಮಾ ಇದನ್ನ ಹೊಲಿದಿದ್ದು? ಅವರ ಕೈ ಕಟ್ಟಿಹಾಕ್ಬೇಕು” ಎಂದರು. ನಗು ಬಂತು. ಹುಷಾರಾದ ಮೇಲೆ ತಾವೇ ಸರಿಮಾಡಿಕೊಡುತ್ತಾರಂತೆ.
ನಾಳೆ ಅವರಿಗೆ ಔಷಧಿ ಶುರು.
ಸಮಿತಿಗೆ ಮೇಲ್ ಟೈಪ್ ಮಾಡಿದೆ. ಅಳಿಸಿದೆ. ಇನ್ನು ಐದೇ ದಿನ... ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗಲೇಬೇಕೆಂದಿಲ್ಲ.

ಮಾರ್ಚ್ 13
ಟೈಲರ್ ಕಣ್ಣು ಹಳದಿಯಾಗಿದೆ. ಐಸಿಯು. ನರ್ಸಕ್ಕ ನನ್ನ ಮುಖ ನೋಡಲಿಲ್ಲ.

ಮಾರ್ಚ್ 14, ಮಧ್ಯಾಹ್ನ 3
ಸಮಿತಿಯೆದುರು ಎರಡೂ ಹಾಳೆ ಮೇಜಿನ ಮೇಲಿಟ್ಟೆ. ನೀರಿನ ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ. ಕಿವಿಯವರೆಗೂ ಬೆವರು. ಟ್ರಯಲ್ ಬಂದ್. ಅವನ ಮೇಲೆ ವಿಚಾರಣೆ, ಅಲ್ಲಿಯವರೆಗೆ ವಾರ್ಡಿಗೆ ಕಾಲಿಡುವ ಹಾಗಿಲ್ಲ. ಯಾರೂ ನಗಲಿಲ್ಲ. ಒಂದು ನಿಮಿಷ, ಪೂರ್ತಿ ಒಂದು ನಿಮಿಷ, ಹೊಟ್ಟೆ ತಣ್ಣಗಾಯಿತು.
ಆಮೇಲೆ ಸಮಿತಿಯ ಹಿರಿಯ ಹೆಂಗಸು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.
“ಇದು ನಿಮ್ಮ ಕೈಗೆ ಸಿಕ್ಕಿದ್ದು ಯಾವತ್ತು?”
ಬರೆದುಕೊಡುತ್ತೇನೆ ಎಂದೆ.

ಮಾರ್ಚ್ 15, 12.30
ಟೈಲರ್ ಬೆಳಿಗ್ಗೆ ಹೋದರು. ಅವರ ಹೆಂಡತಿ ಕಾರಿಡಾರಿನಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು. “ನೀವು ಹೇಳ್ದೆ ಇದ್ದಿದ್ರೆ ಇನ್ನೂ ಎಷ್ಟು ಜನ ಹೋಗ್ತಿದ್ರೋ, ತಾಯಿ.” ಕೈ ಬಿಡಿಸಿಕೊಳ್ಳಲು ಆಗಲಿಲ್ಲ.
ಸಮಿತಿಗೆ ಉತ್ತರ ಬರೆಯಬೇಕು. ಇಲ್ಲಿ ಮೊದಲು ಬರೆದು ನೋಡುತ್ತೇನೆ.
ಐದನೇ ತಾರೀಖಿಗೇ ನನಗೆ ಗೊತ್ತಿತ್ತು. ಒಂಬತ್ತಕ್ಕೆ ಟೈಲರನ್ನು ಮಾತಾಡಿಸಿದ್ದೆ. ಆದರೂ ಸುಮ್ಮನಿದ್ದೆ, ಯಾಕೆಂದರೆ —